ಹದಿನಾಲ್ಕನೇ ಗಾಡಿ ನಿಂತಿದೆ

ವರ್ನೀಸ್ ಟಾಲಿವರ್ ಉಚ್ಚೆಗೆ ಹೋಗಬೇಕಾದರೆ ಇಡೀ ಊರಿಗೆ ಹೇಳಿ ಹೋಗಬೇಕಾಗಿತ್ತು. ಇದು ಬಣ್ಣ ಕಟ್ಟಿದ ಮಾತಲ್ಲ. ಕ್ಯಾಲ್ಡರ್ ಫೋರ್ಜ್ ಪೊಲೀಸ್ ಇಲಾಖೆಯ ಆದೇಶ.

ಮೊದಲು ಹೀಗಿರಲಿಲ್ಲ. ಗಸ್ತಿನವರು ಗಾಡಿ ನಿಲ್ಲಿಸಬೇಕಾದರೆ ರೇಡಿಯೋದಲ್ಲಿ ‘ಹತ್ತು-ಏಳು’ ಅಂದರೆ ಸಾಕಾಗಿತ್ತು. ಸ್ವಲ್ಪ ಹೊತ್ತು ನನ್ನನ್ನು ಕರೆಯಬೇಡಿ ಅಂತ ಅದರ ಅರ್ಥ. ತಿನ್ನುವುದಕ್ಕೋ, ಹೇಲುವುದಕ್ಕೋ, ಇಲ್ಲ ಯಾರದೋ ಮನೆಯಲ್ಲಿ ಸತ್ತ ಕೂಸನ್ನು ನೋಡಿಬಂದು ಗಾಡಿಯ ಕಿಟಕಿ ಏರಿಸಿಕೊಂಡು ಅಳುವುದಕ್ಕೋ, ಯಾರೂ ಕೇಳುತ್ತಿರಲಿಲ್ಲ. ಕೇಳಬಾರದು ಅನ್ನುವುದು ಆ ಕೆಲಸದವರು ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದ ಮರ್ಯಾದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ವರ್ನೀಸಳಿಗೆ ಸಿಕ್ಕಿದ್ದ ಮರ್ಯಾದೆ ಅದೊಂದೇ. ಅದನ್ನೂ ಕಿತ್ತುಕೊಂಡರು.

ಕಿತ್ತುಕೊಂಡವನು ಬ್ರೆಂಟ್ ಹ್ಯಾಲಿಸ್ಟರ್. ಡೆಪ್ಯುಟಿ ಚೀಫ್. ಹೊರಗಿನಿಂದ ಬಂದವನು, ನಲವತ್ತು ಇನ್ನೂ ದಾಟಿಲ್ಲ. ಗಸ್ತಿನ ಗಾಡಿಯಲ್ಲಿ ಒಂದೆರಡು ಚಳಿಗಾಲ ಕೂತನೋ ಇಲ್ಲವೋ, ಅಷ್ಟರಲ್ಲಿ ಮಹಡಿ ಹತ್ತಿದವನು. ಬಂದವನೇ ಪ್ರತಿ ಗಾಡಿಗೂ ಒಂದೊಂದು ಯಂತ್ರ ಕೂರಿಸಿದ. ತನ್ನ ಕೋಣೆಯ ಗೋಡೆಗೆ ಬಾಗಿಲಷ್ಟು ದೊಡ್ಡ ಪರದೆ ಹಾಕಿಸಿದ. ಅದರಲ್ಲಿ ಊರಿನ ನಕ್ಷೆ, ನಕ್ಷೆಯ ಮೇಲೆ ಗಾಡಿಗೊಂದು ಹಸಿರು ಚುಕ್ಕೆ. ಸ್ವಂತ ಕೆಲಸಕ್ಕೆ ಎಂಟು ನಿಮಿಷಕ್ಕಿಂತ ಹೆಚ್ಚು ನಿಂತರೆ ಚುಕ್ಕೆ ಕೆಂಪಾಗುತ್ತದೆ. ನಿಲ್ಲುವ ಮುಂಚೆ ಕಾರಣ ಹೇಳಬೇಕು, ಹೇಳದಿದ್ದರೂ ಕೆಂಪು. ‘ಹತ್ತು-ಏಳು’ ಥರದ ಅಂಕಿಗಳೆಲ್ಲ ರದ್ದು. ಪೊಲೀಸರು ರೇಡಿಯೋದಲ್ಲಿ ಜನ ಆಡುವ ಮಾತನ್ನೇ ಆಡಬೇಕು, ಸರಳವಾಗಿ, ಬಿಡಿಸಿ, ಮುಚ್ಚುಮರೆಯಿಲ್ಲದೆ ಅಂತ ಅಪ್ಪಣೆಯಾಯಿತು. ನೀಲಿ ಪ್ಯಾಂಟು ನೋಡಿ ಜನ ಹೆದರುತ್ತಾರೆ ಅಂತ ಅದನ್ನೂ ತೆಗೆಸಿ ಗೋಧಿ ಬಣ್ಣದ ಪ್ಯಾಂಟು ಹಾಕಿಸಿದ. ಆ ಬಣ್ಣದ ಪ್ಯಾಂಟು ಹಾಕಿಕೊಂಡು ತಿಂಗಳಿಗೊಮ್ಮೆ ಹೆಂಗಸೊಬ್ಬಳು ಕೆಲಸ ಮಾಡುವುದು ಹೇಗೆ ಅನ್ನುವುದು ಆ ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಅವನಿಗೇನು.

ರೇಡಿಯೋ ಅಂದರೆ ಇಲಾಖೆಯವರ ಕಿವಿಗೆ ಮಾತ್ರ ಅಲ್ಲ. ಆ ಊರಲ್ಲಿ ಪೊಲೀಸ್ ರೇಡಿಯೋ ಕೇಳುವ ಪೆಟ್ಟಿಗೆ ಅರ್ಧ ಮನೆಗಳಲ್ಲಿದೆ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸವಿಲ್ಲದ ಗಂಡಸರಿಗೆ ಅದೇ ಹರಿಕಥೆ. ವರ್ನೀಸ್ ಹುಟ್ಟಿ ಬೆಳೆದ ಕರಿಯರ ಕೇರಿಯಲ್ಲಿ ಆರ್ವಿಲ್ಲನ ಕ್ಷೌರದಂಗಡಿಯ ಪೆಟ್ಟಿಗೆ ಬೆಳಗಿಂದ ಸಂಜೆವರೆಗೆ ಕಿರುಗುಡುತ್ತದೆ. “ಹದಿನಾಲ್ಕು, ಶೌಚಕ್ಕೆ ನಿಲ್ಲಿಸಿದ್ದೇನೆ” ಅಂತ ತನ್ನ ಗಾಡಿಯ ನಂಬರು ಹೇಳುವ ಅವಳ ದನಿ ಬಂದರೆ ಸಾಕು, ಮುಖಕ್ಕೆ ನೊರೆ ಬಳಿದುಕೊಂಡು ಮಲಗಿದ್ದವರೂ ನಗುತ್ತಿದ್ದರು.

“ನಮ್ಮ ವರ್ನೀಸಮ್ಮಂಗೆ ಮತ್ತೆ ಅರ್ಜೆಂಟು ಕಣ್ರೋ.”

“ಪೊಲೀಸ್ ಕೆಲಸಕ್ಕೆ ಸೇರಬೇಡ ಅಂದ್ರೆ ಕೇಳಿದ್ಲಾ? ಅನುಭವಿಸ್ಲಿ ಬಿಡು.”

ಆ ನಗುವಿನಲ್ಲಿ ಬರೀ ನಗೆ ಇರಲಿಲ್ಲ. ಅವಳ ತಮ್ಮನನ್ನು ಇದೇ ಇಲಾಖೆಯವರು ಹಿಂದೆ ಯಾವಾಗಲೋ ಬೂಟುಗಾಲಲ್ಲಿ ಒದ್ದು ಪಕ್ಕೆಲುಬು ಮುರಿದಿದ್ದರು. ಅಂಥ ಮನೆಯ ಹುಡುಗಿ ಅದೇ ಬೂಟು ಹಾಕಿಕೊಂಡಳು ಅನ್ನುವ ಸಿಟ್ಟು ಕೇರಿಗೆ. ಇವಳು ನಮ್ಮವಳಲ್ಲ ಅನ್ನುವ ಅನುಮಾನ ಠಾಣೆಗೆ. ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಬದುಕುವುದು ಅವಳಿಗೆ ಅಭ್ಯಾಸವಾಗಿತ್ತು. ಈಗ ಇಬ್ಬರಿಗೂ ಒಟ್ಟಿಗೆ ನಗುವುದಕ್ಕೆ ಅವಳ ಉಚ್ಚೆ ಸಿಕ್ಕಿತ್ತು.

ಎಂಟು ನಿಮಿಷ ಸಾಕಲ್ಲ ಅನ್ನುವವರು ಒಂದು ಸಲ ಆ ವೇಷ ಹಾಕಿ ನೋಡಬೇಕು. ಮೊದಲು ದಪ್ಪ ಕೋಟು ಬಿಚ್ಚಬೇಕು. ಸೊಂಟದ ಬೆಲ್ಟಿಗೆ ಪಿಸ್ತೂಲು, ಗುಂಡು, ಬೇಡಿ, ಲಾಠಿ, ಟಾರ್ಚು, ರೇಡಿಯೋ. ಒಂದು ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡಷ್ಟು ಭಾರ. ಅದನ್ನು ಒಳಬೆಲ್ಟಿಗೆ ಹಿಡಿದಿರುವ ಗುಂಡಿಗಳನ್ನು ಒಂದೊಂದೇ ಬಿಡಿಸಬೇಕು. ಬಿಡಿಸಿದ ಮೇಲೆ ಎಲ್ಲಿಡುವುದು? ಪೆಟ್ರೋಲ್ ಬಂಕಿನ ಕಕ್ಕಸಿನ ನೆಲದ ಮೇಲೆ ಯಾರ್ಯಾರದೋ ನೀರು. ಪಿಸ್ತೂಲಿರುವ ಬೆಲ್ಟನ್ನು ಬಾಗಿಲಿಗೆ ನೇತುಹಾಕಿದರೆ ಕೊಕ್ಕೆ ಮುರಿಯುತ್ತದೆ. ಕುತ್ತಿಗೆಗೆ ಹಾಕಿಕೊಂಡು ಕೂರುತ್ತಿದ್ದಳು, ನೊಗ ಹೊತ್ತ ಎತ್ತಿನ ಹಾಗೆ. ಗುಂಡು ತಡೆಯುವ ಅಂಗಿ ಹೊಟ್ಟೆಯನ್ನು ಒತ್ತುತ್ತಿತ್ತು. ಆ ಹೊಟ್ಟೆಯೊಳಗೆ ಗರ್ಭಕೋಶದ ತುಂಬ ಗಡ್ಡೆಗಳು. ತಿಂಗಳಲ್ಲಿ ಹತ್ತು ದಿನ ನಲ್ಲಿ ಬಿಟ್ಟ ಹಾಗೆ ರಕ್ತ. ತೆಗೆಸಿಬಿಡು ಅಂದಿದ್ದಳು ಡಾಕ್ಟರಮ್ಮ. ತೆಗೆಸಿದರೆ ಆರು ವಾರ ಮಲಗಬೇಕು. ಬಿಟ್ಟುಹೋದವರ ಕೆಲಸವನ್ನೂ ಇದ್ದವರೇ ಎಳೆಯಬೇಕಾಗಿದ್ದ ಆ ಇಲಾಖೆಯಲ್ಲಿ ರಜೆ ಅನ್ನುವ ಪದ ಕೇಳಿ ವರ್ಷವಾಗಿತ್ತು.

ಒಂದು ಸಲ ಹೀಗೇ ಬೆಲ್ಟು ಕುತ್ತಿಗೆಗೆ ಹಾಕಿಕೊಂಡು, ಕೈಯಲ್ಲಿ ರಕ್ತ ಮೆತ್ತಿಕೊಂಡು ಕೂತಿದ್ದಾಗ ಬೆಲ್ಟಿನ ರೇಡಿಯೋದಲ್ಲಿ ಹ್ಯಾಲಿಸ್ಟರನ ದನಿ ಬಂತು. ತನ್ನ ಕೋಣೆಯಿಂದಲೇ ಅವನು ನೇರ ರೇಡಿಯೋಕ್ಕೆ ಬಾಯಿ ಹಾಕುತ್ತಿದ್ದ.

“ಹದಿನಾಲ್ಕು, ಒಂಬತ್ತು ನಿಮಿಷ ಆಯ್ತು. ಇನ್ನೂ ಆಗಿಲ್ವಾ?”

ಬಾಗಿಲಾಚೆ ಕಾಫಿ ಕೊಳ್ಳುತ್ತಿದ್ದ ಯಾರೋ ಕಿಸಕ್ಕೆಂದರು. ಬೆರಳು ತೊಳೆಯದೆ ರೇಡಿಯೋದ ಗುಂಡಿ ಒತ್ತಿ, “ಆಯ್ತು ಸರ್, ಬಂದೆ” ಅಂದಳು. ಸರ್ ಅಂದಳು. ಆ ‘ಸರ್’ ಅನ್ನುವ ಮಾತು ನೆನಪಾದಾಗಲೆಲ್ಲ ಅವಳಿಗೆ ತನ್ನ ಬಾಯನ್ನೇ ತೊಳೆದುಕೊಳ್ಳಬೇಕು ಅನಿಸುತ್ತಿತ್ತು.

ಇಷ್ಟಾದರೂ ನುಂಗಿಕೊಂಡಿದ್ದಳು. ನುಂಗುವುದು ಕಷ್ಟವಾದದ್ದು ಸಂಬಳದ ಮಾತು ಬಂದ ಮೇಲೆ.

ಗಸ್ತಿನವರಿಗೆ ನಾಲ್ಕು ವರ್ಷದಿಂದ ಇನ್‌ಕ್ರಿಮೆಂಟು ಇರಲಿಲ್ಲ. ಪಕ್ಕದ ಊರಿನವರು ಹೆಚ್ಚು ಕೊಡುತ್ತಾರೆಂದು ಒಬ್ಬೊಬ್ಬರೇ ಹೋಗುತ್ತಿದ್ದರು. ಕೊನೆಗೆ ನಗರಸಭೆ ಎಚ್ಚೆತ್ತು, ಇರುವವರನ್ನು ಉಳಿಸಿಕೊಳ್ಳಿ ಅಂತ ದುಡ್ಡು ಮಂಜೂರು ಮಾಡಿತು. ಉಳಿಸಿಕೊಳ್ಳುವ ಕೆಲಸ ಮೇಲಿನಿಂದಲೇ ಶುರುವಾಯಿತು. ಚೀಫಿಗೆ, ಹ್ಯಾಲಿಸ್ಟರನಿಗೆ, ಕ್ಯಾಪ್ಟನ್ನುಗಳಿಗೆ ಮೊದಲ ವಾರವೇ ನೂರಕ್ಕೆ ಹದಿನಾಲ್ಕು ಏರಿತು. ಗಸ್ತಿನವರಿಗೆ ನೂರಕ್ಕೆ ಮೂರು, ಅದೂ ಷರತ್ತಿನ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಷರತ್ತು ಏನೆಂದರೆ, ಒಂದೊಂದು ಪಾಳಿಯೂ ಮೂರು ತಿಂಗಳು ಹಸಿರಾಗಿರಬೇಕು. ಪಾಳಿಯಲ್ಲಿ ಒಬ್ಬರ ಚುಕ್ಕೆ ಮತ್ತೆ ಮತ್ತೆ ಕೆಂಪಾದರೂ ಎಲ್ಲರ ದುಡ್ಡೂ ಹೋಯಿತು. ಕೋಳಿಗಳನ್ನು ಒಂದನ್ನೊಂದು ಕುಕ್ಕುವ ಹಾಗೆ ಬಿಟ್ಟು ತಾನು ಗೂಡಿನ ಮೇಲೆ ಕೂತು ನೋಡುವ ಬುದ್ಧಿ ಅದು.

ಮನಸ್ಸು ಕುಗ್ಗಿದೆ ಅಂತ ದೂರು ಬಂದಾಗ ಹುಮ್ಮಸ್ಸು ತುಂಬುವುದಕ್ಕೆ ಒಬ್ಬ ಹೆಂಗಸನ್ನು ಕರೆಸಿದರು. ಅವಳು ಬಲೂನು ಕಟ್ಟಿ, ಸಕ್ಕರೆ ಮೆತ್ತಿದ ಕೇಕು ಕತ್ತರಿಸಿ, “ನಿಮಗೆಲ್ಲ ಖುಷಿ ಕೊಡೋದು ಯಾವುದು ಹೇಳಿ ನೋಡೋಣ” ಅಂದಳು.

“ಸಂಬಳ” ಅಂದ ಡ್ವೇನ್ ಫಿಚ್. ಪಾಳಿಯಲ್ಲಿ ಬಾಯಿ ಜೋರಿನವನು ಅವನೇ.

“ದುಡ್ಡು ಬಿಟ್ಟು ಬೇರೇದು ಹೇಳಿ.”

“ದುಡ್ಡು ಬಿಟ್ಟು ನಾನು ಇಲ್ಲಿಗೆ ಯಾಕಮ್ಮ ಬರ್ಲಿ?”

ಎಲ್ಲರೂ ನಕ್ಕರು. ಆ ಪಾಳಿಯವರು ಒಟ್ಟಿಗೆ ನಕ್ಕಿದ್ದು ಅದೇ ಕೊನೆ. ಆಮೇಲೆ ಹ್ಯಾಲಿಸ್ಟರ್ ಹಾಜರಿ ಕೋಣೆಗೂ ಒಂದು ಪರದೆ ಹಾಕಿಸಿದ. ಯಾರ ಚುಕ್ಕೆ ಎಷ್ಟು ಸಲ ಕೆಂಪಾಯಿತು ಅನ್ನುವುದು ಹೆಸರಿನ ಸಮೇತ ಅಲ್ಲಿ ಉರಿಯುತ್ತಿತ್ತು. ಉಳಿದವರ ಹೆಸರಿನ ಮುಂದೆ ಸೊನ್ನೆ, ಇಲ್ಲ ಒಂದು. ಟಾಲಿವರ್ ಅನ್ನುವ ಹೆಸರಿನ ಮುಂದೆ ಹತ್ತೊಂಬತ್ತು.

“ಅಲ್ಲ ಮಾರಾಯ್ತಿ, ನಿನ್ನ ಉಚ್ಚೆಗೆ ನನ್ನ ಮಕ್ಕಳ ಫೀಸು ಹೋಗ್ತಿದೆಯಲ್ಲ” ಅಂದ ಫಿಚ್, ಎಲ್ಲರ ಮುಂದೆ. “ಕಡಿಮೆ ನೀರು ಕುಡಿ. ಕಟ್ಕೊಂಡು ಕೂತ್ಕೋ. ಡಯಾಪರ್ ಹಾಕ್ಕೋ. ಏನಾದ್ರೂ ಮಾಡು.”

ಮಾರನೆಯ ದಿನ ಠಾಣೆಯಲ್ಲಿದ್ದ ಅವಳ ಬೀರುವಿನ ಹಿಡಿಗೆ ಮುದುಕರ ಡಯಾಪರ್ ಪೊಟ್ಟಣವೊಂದು ನೇತಾಡುತ್ತಿತ್ತು. ವರ್ನೀಸ್ ಅದನ್ನು ಬಿಚ್ಚಿ ಬೀರುವಿನ ಒಳಗಿಟ್ಟಳು. ಒಳಗಿಟ್ಟದ್ದು ಯಾಕೆಂದರೆ ಅದು ಬೇಕಾಗಿತ್ತು. ಹಾಕಿಕೊಂಡೂ ನೋಡಿದಳು. ನಲವತ್ತಾರು ವರ್ಷದ ಹೆಂಗಸು, ಸೊಂಟದಲ್ಲಿ ಪಿಸ್ತೂಲು, ಒಳಗೆ ಡಯಾಪರು. ಓಡುವ ಕಳ್ಳನೊಬ್ಬನ ಹಿಂದೆ ಬೇಲಿ ಹಾರಿದಾಗ ಅದು ಜಾರಿ ತೊಡೆಗೆ ಬಂತು. ಕಳ್ಳ ತಪ್ಪಿಸಿಕೊಂಡ.

ಆ ವಾರ ಅವಳ ಗಾಡಿ ರಿಪೇರಿಗೆ ಹೋಗಿ, ಸಾರ್ಜೆಂಟ್ ಲೆನ್ ಕುಬರ್ಸ್ಕಿಯ ಗಾಡಿ ಒಂದು ಹೊತ್ತಿಗೆ ಅವಳಿಗೆ ಸಿಕ್ಕಿತು. ಲೆನ್ ಆ ಪಾಳಿಯ ಹಿರಿಯ. ಹೊಸದಾಗಿ ಸೇರಿದಾಗ ಅವಳ ಪಕ್ಕದಲ್ಲಿ ಕೂತು ಕೆಲಸ ಕಲಿಸಿದವನು, ಕರಿ ಹೆಂಗಸಿನ ಜೊತೆ ಗಾಡಿಯಲ್ಲಿ ಕೂರುವುದಿಲ್ಲ ಅಂತ ಮಿಕ್ಕವರು ಅಂದಾಗ “ನಾನು ಕೂರ್ತೀನಿ ಬಿಡ್ರೋ” ಅಂದವನು. ತಿರುವಿನಲ್ಲಿ ಬ್ರೇಕು ಹಾಕಿದಾಗ ಸೀಟಿನ ಕೆಳಗಿಂದ ಕಿತ್ತಳೆ ರಸದ ಬಾಟಲಿಯೊಂದು ಉರುಳಿ ಅವಳ ಬೂಟಿಗೆ ತಾಗಿತು. ಎತ್ತಿ ನೋಡಿದಳು. ಕಿತ್ತಳೆ ರಸ ಅಲ್ಲ. ಇನ್ನೂ ಉಗುರುಬೆಚ್ಚಗಿತ್ತು.

ವಾಪಸ್ಸು ಬಂದಾಗ ಅದನ್ನು ಲೆನ್ನನ ಕೈಗೆ ಕೊಟ್ಟಳು. ಮುದುಕ ಕಿವಿಯವರೆಗೂ ಕೆಂಪಾದ.

“ಏನು ಲೆನ್ ಇದು?”

“ಪ್ರಾಸ್ಟೇಟ್ ಕಣೆ. ಗಂಟೆಗೊಂದ್ಸಲ ಬರುತ್ತೆ. ನಿಲ್ಲಿಸ್ತಾ ಹೋದ್ರೆ...” ಅಂದವನು ಪರದೆಯ ಕಡೆ ಗದ್ದ ಎತ್ತಿದ. “ನೋಡು, ನನ್ನ ಚುಕ್ಕೆ ಒಂದಿನಾನೂ ಕೆಂಪಾಗಿಲ್ಲ.”

ಹೆಮ್ಮೆಯಿಂದ ಅಂದ. ವರ್ನೀಸಳಿಗೆ ವಾಕರಿಕೆ ಬಂದದ್ದು ಬಾಟಲಿ ನೋಡಿ ಅಲ್ಲ, ಆ ಹೆಮ್ಮೆ ನೋಡಿ. ಬೆಂಕಿ ಬಿದ್ದ ಮನೆಯೊಳಗೆ ನುಗ್ಗಿ ಇಬ್ಬರನ್ನು ಹೊತ್ತುಕೊಂಡು ಬಂದವನು ಈ ಮನುಷ್ಯ. ನೂರಕ್ಕೆ ಮೂರರ ಆಸೆಗೆ ಸೀಟಿನ ಮೇಲೆ ಮಂಡಿಯೂರಿ ಬಾಟಲಿಯಲ್ಲಿ ಉಚ್ಚೆ ಹೊಯ್ಯುತ್ತಿದ್ದ. ಇದನ್ನು ಶಿಸ್ತು ಅನ್ನುತ್ತಾರಂತೆ.

“ನಿನಗೆ ಬಾಟ್ಲಿ ಇದೆ. ನನಗೇನು, ಬಕೆಟ್ಟಾ?” ಅಂದಳು.

ಲೆನ್ ಬಾಗಿಲು ಮುಂದೆ ಮಾಡಿದ. “ವರ್ನೀ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನೀನೇ ಕೇಳ್ಕೊಂಡು ಜಪ್ತಿ ಮಾಲು ಕಾಯೋ ಮಾಲ್‌ಖಾನೆಗೆ ಹೋಗ್ಬಿಡು. ಕೆಳಗಡೆ, ಬೆಚ್ಚಗೆ. ಪಕ್ಕದಲ್ಲೇ ಕಕ್ಕಸು. ಹ್ಯಾಲಿಸ್ಟರ್ ಅರ್ಜಿ ಟೈಪ್ ಮಾಡ್ಸಿ ಇಟ್ಟಿದಾನೆ, ನೀನು ಸಹಿ ಹಾಕಿದ್ರೆ ಸಾಕು, ನಿನ್ನ ಕೆಂಪು ನಮ್ಮ ಪಾಳಿ ಲೆಕ್ಕಕ್ಕೆ ಬರಲ್ಲ.”

“ಅಲ್ಲಿ ಸಂಬಳ ಎಷ್ಟು ಕಡಿಮೆ ಗೊತ್ತಾ? ಪೆನ್ಷನ್ನು ಎಷ್ಟು ಬೀಳುತ್ತೆ ಗೊತ್ತಾ?”

“ಗೊತ್ತು.”

“ಅವನೇ ಯಾಕೆ ಹಾಕಲ್ಲ ನನ್ನ? ಅವನಿಗೆ ಅಧಿಕಾರ ಇದೆಯಲ್ಲ.”

ಯಾಕೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಹೆಣ್ಣಿನ ಕಾಯಿಲೆಗಾಗಿ ಹುದ್ದೆ ಇಳಿಸಿದರೆ ಕೋರ್ಟು ಕೇಳುತ್ತದೆ. ಅವಳೇ ಬೇಡಿಕೊಂಡು ಇಳಿದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಅವಳ ಸಹಿ ಬೇಕು. ಅವಳ ಕೈಯಿಂದಲೇ ಅವಳ ಕತ್ತು ಹಿಸುಕಿಸಬೇಕು, ಹಿಸುಕಿಸುವ ಕೆಲಸವನ್ನು ಅವಳ ಗೆಳೆಯರಿಂದಲೇ ಮಾಡಿಸಬೇಕು.

“ಇದು ನನ್ನ ಕೊನೇ ವರ್ಷ ಕಣೆ” ಅಂದ ಲೆನ್. “ಪೆನ್ಷನ್ ಕಟ್ಟೋದು ಕೊನೇ ಸಂಬಳದ ಮೇಲೆ. ಹೆಂಡ್ತಿಗೆ ಡಯಾಲಿಸಿಸ್ಸು. ಆ ಮೂರು ನನಗೆ ದೊಡ್ಡದು.”

ಅವಳಿಗೆ ಅವನ ಮೇಲೆ ಕನಿಕರವೂ ಬಂತು, ಕೆನ್ನೆಗೆ ಬಾರಿಸಬೇಕು ಅಂತಲೂ ಅನಿಸಿತು. “ತಿಂಗಳ ಕೊನೆಗೆ ಹೇಳ್ತೀನಿ” ಅಂದಳು. ನಿಜಕ್ಕೂ ಸಹಿ ಹಾಕುವ ಮನಸ್ಸೇ ಆಗಿತ್ತು. ಸೋತಿದ್ದಳು.

ತಿಂಗಳ ಕೊನೆ ಬರುವ ಮುಂಚೆ ಹಾಲಿನ ಲಾರಿ ಬಿತ್ತು.

ಫೆಬ್ರವರಿಯ ಬೆಳಗ್ಗೆ. ಹೆದ್ದಾರಿಯಿಂದ ಊರಿಗೆ ಇಳಿಯುವ ತಿರುವಿನಲ್ಲಿ ಲಾರಿ ಮಗುಚಿ, ಹಾಲೆಲ್ಲ ರಸ್ತೆಗೆ ಹರಿದು, ಹರಿದ ಹಾಲು ಅಲ್ಲೇ ಮಂಜುಗಡ್ಡೆಯಾಗಿ ಬಿಳಿ ಕಲ್ಲು ಹಾಸಿದಂತಾಗಿತ್ತು. ಲಾರಿಯಡಿ ಸಿಕ್ಕ ಕಾರಿನಲ್ಲಿ ಒಬ್ಬ ಸತ್ತಿದ್ದ. ಶವ ನೋಡುವ ಅಧಿಕಾರಿ ಬರುವ ತನಕ ಕಾರನ್ನು ಮುಟ್ಟುವ ಹಾಗಿಲ್ಲ, ಹೆಣವನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಮೊದಲಾದರೆ ಇಂಥ ಕಡೆ ಮೂವರನ್ನು ಕಳಿಸುತ್ತಿದ್ದರು. ಈಗ ಮೂವರು ಎಲ್ಲಿಂದ ಬರಬೇಕು? ವರ್ನೀಸ್ ಒಬ್ಬಳೇ ನಿಂತು, ಒಂದು ಕಣ್ಣು ಹೆಣದ ಮೇಲಿಟ್ಟು, ಎರಡೂ ಕೈ ಬೀಸಿ ಬೀಸಿ ವಾಹನಗಳನ್ನು ತಿರುಗಿಸುತ್ತಿದ್ದಳು. ಕಾರಿನ ಗಾಜು ಇಳಿಸಿ ಒಬ್ಬ ತಡವಾಯಿತೆಂದು ಬೈದ. ಇನ್ನೊಬ್ಬ ಫೋಟೋ ತೆಗೆದ.

ಮೈಯೊಳಗೆ ಏನೋ ಬಿಟ್ಟುಕೊಂಡದ್ದು ಅವಳಿಗೆ ಗೊತ್ತಾಯಿತು. ಮೊದಲು ಬೆಚ್ಚಗೆ. ಪ್ಯಾಡು ತುಂಬಿತು. ತೊಡೆಗೆ ಇಳಿಯಿತು. ಇಳಿದದ್ದು ಗಾಳಿ ತಾಗಿ ತಣ್ಣಗಾಯಿತು, ಆಮೇಲೆ ಬಟ್ಟೆ ಸೆಟೆದುಕೊಂಡು ಚರ್ಮಕ್ಕೆ ಉಜ್ಜತೊಡಗಿತು. ಹೊಟ್ಟೆಯೊಳಗೆ ಬಟ್ಟೆ ಹಿಂಡಿದಂಥ ನೋವು. ಕೈ ಬೀಸುವುದನ್ನು ನಿಲ್ಲಿಸಲಿಲ್ಲ. ಕಣ್ಣು ಕತ್ತಲೆ ಬಂದಾಗ ರೇಡಿಯೋಕ್ಕೆ ಬಾಯಿಟ್ಟಳು.

“ಹದಿನಾಲ್ಕು. ಮರಿಸೋಲ್, ಯಾರನ್ನಾದ್ರೂ ಹದಿನೈದು ನಿಮಿಷ ಕಳಿಸಮ್ಮ.”

ಮರಿಸೋಲ್ ರೇಡಿಯೋ ಕೋಣೆಯಲ್ಲಿ ಕೂತು ಗಾಡಿಗಳನ್ನು ಕಳಿಸುವ ಹೆಂಗಸು. ಒಳ್ಳೆಯವಳು. “ಯಾರೂ ಖಾಲಿ ಇಲ್ಲ ಅಕ್ಕ. ತಾಳು, ನೋಡ್ತೀನಿ” ಅಂದಳು.

ನಡುವೆ ಆ ದನಿ ಬಂತು. “ಹದಿನಾಲ್ಕು, ಕಾರಣ?”

“ಸ್ವಂತದ್ದು ಸರ್.”

“ಸ್ವಂತದ್ದು ಅನ್ನೋದು ಕಾರಣ ಅಲ್ಲ. ಸರಳವಾಗಿ, ಬಿಡಿಸಿ ಹೇಳು. ನಿಯಮ ಗೊತ್ತಲ್ಲ?”

ವರ್ನೀಸ್ ತನ್ನ ಬೂಟು ನೋಡಿಕೊಂಡಳು. ಬಿಳಿ ಹಾಲುಗಡ್ಡೆಯ ಮೇಲೆ ಕೆಂಪು ಹನಿಗಳು ಬಿದ್ದಿದ್ದವು. ಇಷ್ಟು ದಿನ ಯಾವುದಕ್ಕೆ ನಾಚಿಕೊಂಡಿದ್ದೆ ಅಂತ ಒಮ್ಮೆಲೇ ಅವಳಿಗೆ ತಿಳಿಯದಾಯಿತು. ಕಳ್ಳತನ ಮಾಡಿದ್ದಳೇ? ಯಾರದಾದರೂ ಪಕ್ಕೆಲುಬು ಮುರಿದಿದ್ದಳೇ? ಗುಂಡಿ ಒತ್ತಿದಳು. ಬಿಡಲಿಲ್ಲ. ಒಬ್ಬರು ಗುಂಡಿ ಒತ್ತಿ ಹಿಡಿದಿದ್ದರೆ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ.

“ಬಿಡಿಸಿ ಹೇಳ್ತೀನಿ, ಬರ್ಕೊಳಿ. ನಾನು ವರ್ನೀಸ್ ಟಾಲಿವರ್. ನನಗೆ ಮುಟ್ಟಾಗಿದೆ. ಪ್ಯಾಡು ತುಂಬಿ ರಕ್ತ ತೊಡೆ ಮೇಲೆ ಇಳಿದು ಮೊಣಕಾಲಿಗೆ ಬಂದಿದೆ. ಅಲ್ಲಿ ಹೆಪ್ಪುಗಟ್ಟಿದೆ. ಈಗ ಬೂಟಿಗೂ ಇಳೀತಿದೆ. ಪ್ಯಾಡು ಬದಲಾಯಿಸ್ಬೇಕು. ಅದಕ್ಕೆ ಕೋಟು ಬಿಚ್ಬೇಕು, ಪಿಸ್ತೂಲು ಬಿಚ್ಬೇಕು, ನೀವು ಹಾಕ್ಸಿರೋ ಈ ಗೋಧಿ ಬಣ್ಣದ ಪ್ಯಾಂಟು ಬಿಚ್ಬೇಕು. ಎಂಟು ನಿಮಿಷದಲ್ಲಿ ಆಗಲ್ಲ. ನಿಮ್ಮ ಹೆಂಡ್ತೀನ ಕೇಳಿ, ಹೇಳ್ತಾಳೆ. ಇನ್ನೊಂದು ಬರ್ಕೊಳಿ. ನಿಮ್ಮ ಪರದೆ ಹಸಿರಾಗಿರ್ಲಿ ಅಂತ ಈ ಊರಿನ ಪೊಲೀಸರು ಬಾಟ್ಲೀಲಿ ಉಚ್ಚೆ ಹೊಯ್ತಿದಾರೆ. ಊರಿಗೆಲ್ಲ ಕೇಳಿಸ್ಲಿ. ಸರಳವಾಗಿದೆಯಾ? ಬಿಡಿಸಿ ಹೇಳ್ದೆ ತಾನೆ?”

ಗುಂಡಿ ಬಿಟ್ಟಳು. ಆಮೇಲೆ ಹ್ಯಾಲಿಸ್ಟರನ ದನಿ, ತೆಳ್ಳಗಾಗಿ ಬಂತು.

“ಹದಿನಾಲ್ಕು, ಈಗಿಂದೀಗ್ಲೇ ನನ್ನ ಆಫೀಸಿಗೆ ಬಾ. ಮಧ್ಯೆ ಎಲ್ಲೂ ನಿಲ್ಲಿಸ್ಬೇಡ. ಫಿಚ್, ಅವಳ ಜಾಗಕ್ಕೆ ಹೋಗು.”

ಪ್ಯಾಡು ಬದಲಾಯಿಸಿಕೊಳ್ಳುವುದಕ್ಕೆ ಕಳಿಸಲು ಯಾರೂ ಇರಲಿಲ್ಲ. ಬೈಸಿಕೊಳ್ಳಲು ಕರೆಸುವುದಕ್ಕೆ ಆಳು ಸಿಕ್ಕಿದ. ಇಂಥವರ ಕೈಗೆ ಇಲಾಖೆ ಸಿಕ್ಕಿದೆ, ನೂರಕ್ಕೆ ಹದಿನಾಲ್ಕು ಇಂಥವರಿಗೆ ಏರಿದೆ. ಥೂ.

ಫಿಚ್ ಹಾರಿಕೊಂಡು ಬಂದ. ಗಾಡಿಯಿಂದ ಇಳಿಯುತ್ತಲೇ ಶುರುಮಾಡಿದ. “ಎಲ್ಲರ ಅನ್ನಕ್ಕೂ ಕಲ್ಲು ಹಾಕ್ದೆಯಲ್ಲೇ ಮಾರಾಯ್ತಿ...” ಅಂದವನ ಕಣ್ಣು ಅವಳ ಪ್ಯಾಂಟಿಗೆ, ಅಲ್ಲಿಂದ ನೆಲಕ್ಕೆ ಹೋಯಿತು. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

“ದಾರೀಲಿ ಬಂಕ್ ಇದೆ. ಅಲ್ಲಿ ನಿಲ್ಸು” ಅಂದ, ಬೇರೆ ಕಡೆ ನೋಡುತ್ತ.

“ಎಲ್ಲೂ ನಿಲ್ಲಿಸ್ಬೇಡ ಅಂದಿದಾರೆ. ಕೇಳಿಸ್ಲಿಲ್ವಾ?” ಅಂದು ಗಾಡಿ ಹತ್ತಿದಳು.

ಬಂಕು ದಾಟಿದಳು. ಆಸ್ಪತ್ರೆ ದಾಟಿದಳು. ಆರ್ವಿಲ್ಲನ ಅಂಗಡಿ ದಾಟುವಾಗ ಬಾಗಿಲಲ್ಲಿ ನಾಲ್ಕೈದು ಜನ ನಿಂತಿದ್ದರು. ಒಬ್ಬರೂ ನಗುತ್ತಿರಲಿಲ್ಲ. ಆರ್ವಿಲ್ ಕತ್ತರಿ ಹಿಡಿದ ಕೈಯನ್ನು ಸ್ವಲ್ಪ ಎತ್ತಿದ. ವರ್ನೀಸ್ ಗಾಡಿ ನಿಧಾನ ಮಾಡಲಿಲ್ಲ. ಅವಳ ಚುಕ್ಕೆ ದಾರಿಯುದ್ದಕ್ಕೂ ಹಸಿರಾಗಿಯೇ ಇತ್ತು.

ಹ್ಯಾಲಿಸ್ಟರನ ಕೋಣೆಯಲ್ಲಿ ಬಂದವರಿಗೆ ಕುರ್ಚಿ ಇರಲಿಲ್ಲ. ಕೂತರೆ ಮಾತು ಬೆಳೆಯುತ್ತದೆ, ಕೆಲಸದ ಹೊತ್ತು ಹಾಳು ಅಂತ ಎತ್ತಿಸಿದ್ದ. ಇದ್ದದ್ದು ಅವನದೊಂದೇ. ಕೆನೆ ಬಣ್ಣದ ಚರ್ಮದ ಕುರ್ಚಿ, ಎತ್ತರದ ಬೆನ್ನು, ಕೆಳಗೆ ಚಕ್ರ. ಅವನು ಬಾಗಿಲಿಗೆ ಬೆನ್ನು ಹಾಕಿ ಪರದೆಯ ಮುಂದೆ ನಿಂತಿದ್ದ. ಅವಳು ಮೇಜು ಸುತ್ತಿ ಹೋಗಿ ಆ ಕುರ್ಚಿಯಲ್ಲಿ ಕೂತಳು.

“ನೀನು ಮಾಡಿದ್ದು ಏನು ಅಂತ ನಿನಗೆ ಗೊತ್ತಾ?” ಪರದೆಗೇ ಹೇಳಿದ. “ಚೀಫಿಗೆ ಫೋನ್ ಮೇಲೆ ಫೋನು. ಇಲಾಖೆ ಮಾನ...” ತಿರುಗಿದ. “ಅದು ನನ್ನ ಕುರ್ಚಿ. ಏಳು.”

“ತಲೆ ಸುತ್ತುತ್ತಿದೆ. ಸ್ವಲ್ಪ ತಾಳಿ.”

ಅವಳು ಏಳಲಿಲ್ಲ. ಅವನು ಮುಂದೆ ಬಂದು, ಮೇಜಿನ ಮೇಲಿದ್ದ ಅರ್ಜಿಯನ್ನು ಅವಳ ಕಡೆ ತಳ್ಳಿದ. ದನಿಗೆ ಬೆಣ್ಣೆ ಸವರಿಕೊಂಡ. “ನೋಡು ಟಾಲಿವರ್, ನಿನಗೆ ಹುಷಾರಿಲ್ಲ. ನನಗೆ ಅರ್ಥ ಆಗುತ್ತೆ. ಇದಕ್ಕೊಂದು ಸಹಿ ಹಾಕು. ರೇಡಿಯೋ ವಿಷ್ಯ ನಾನು ಮರೀತೀನಿ. ನಿನ್ನ ಪಾಳೀಗೆ ಇನ್‌ಕ್ರಿಮೆಂಟು ಇವತ್ತೇ ಮಾಡ್ತೀನಿ. ಇಲ್ಲಾಂದ್ರೆ ಒಬ್ರಿಗೂ ಬಿಡಿಗಾಸು ಸಿಗಲ್ಲ. ಅವರ ಶಾಪ ತಟ್ಟೋದು ನಿನಗೇ.”

ವರ್ನೀಸ್ ಅರ್ಜಿ ಓದಿದಳು. ‘ನನ್ನ ಸ್ವಂತ ಇಚ್ಛೆಯಿಂದ’ ಅಂತ ಶುರುವಾಗಿತ್ತು. ಲೆನ್ನನ ಹೆಂಡತಿ ನೆನಪಾದಳು. ಫಿಚ್‌ನ ಮಕ್ಕಳೂ ನೆನಪಾದರು. ಅರ್ಜಿಯನ್ನು ವಾಪಸ್ಸು ತಳ್ಳಿದಳು.

“ನಾನು ಕೇಳ್ಕೊಳಲ್ಲ. ನಿಮಗೆ ಬೇಕಿದ್ರೆ ನೀವೇ ಇಳಿಸಿ. ನಿಮ್ಮ ಹೆಸರಲ್ಲಿ, ನಿಮ್ಮ ಸಹೀಲಿ. ಮುಟ್ಟಾಗ್ತಾಳೆ ಅಂತ ಇಳಿಸಿದೀನಿ ಅಂತ ಬರೀರಿ. ಅವರ ದುಡ್ಡು ತಡೆಯೋದಿದ್ರೂ ನೀವೇ ತಡೀರಿ. ನೂರಕ್ಕೆ ಹದಿನಾಲ್ಕು ನಾನು ತಗೊಂಡೆ, ಮೂರು ನಿಮಗೆ ಕೊಡಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ. ನನ್ನ ಮೈ ಮೇಲೆ ಹಾಕ್ಬೇಡಿ.”

ಮೇಜು ಹಿಡಿದು ಎದ್ದಳು. ಹ್ಯಾಲಿಸ್ಟರನ ಕಣ್ಣು ಕುರ್ಚಿಗೆ ಹೋಯಿತು. ಕೆನೆ ಬಣ್ಣದ ಚರ್ಮದ ಮೇಲೆ ಅಂಗೈ ಅಗಲ ಕೆಂಪು. ಅಂಚಿನಿಂದ ಕೆಳಗೆ ಒಂದು ಎಳೆ ಇಳಿಯುತ್ತಿತ್ತು. ಅವನ ಮುಖ ಹಿಂಡಿಕೊಂಡಿತು. ಬೆಳಗಿನಿಂದ ರಕ್ತ ಸುರಿಸಿಕೊಂಡು ನಿಂತ ಹೆಂಗಸನ್ನು ಕಂಡು ಅಲ್ಲ, ಕುರ್ಚಿ ಕಂಡು.

“ಒರೆಸು ಅದನ್ನ” ಅಂದ.

ಅವಳ ತಾಯಿ ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯ ಆಫೀಸಿನಲ್ಲಿ ಸಾಹೇಬರುಗಳ ಕುರ್ಚಿ, ಮೇಜು, ಉಗುಳುಬಟ್ಟಲು ಒರೆಸಿದವಳು. ಮಗಳಿಗೆ ಸಮವಸ್ತ್ರ ಬಂದ ದಿನ, ಇನ್ನು ನಮ್ಮ ಮನೆಯವರು ಯಾರದನ್ನೂ ಒರೆಸುವುದಿಲ್ಲ ಅಂದಿದ್ದಳು. ವರ್ನೀಸ್ ಅಲ್ಲಿಂದ ಇಲ್ಲಿಯ ತನಕ ಒರೆಸುತ್ತಲೇ ಬಂದಿದ್ದಳು. ಕಕ್ಕಸಿನ ನೆಲ, ತನ್ನ ತೊಡೆ, ಗಾಡಿಯ ಸೀಟು, ಇವನ ಮಾತು ಬಿದ್ದ ಮುಖ.

“ಒರೆಸಲ್ಲ” ಅಂದಳು.

“ಏನಂದೆ?”

“ಒರೆಸಲ್ಲ. ನಿಮ್ಮಿಂದ ಆದದ್ದು. ನೀವೇ ಒರೆಸ್ಕೊಳಿ.”

ಬಾಗಿಲು ತೆರೆದಿಟ್ಟೇ ಹೊರಗೆ ಬಂದಳು. ಬೆನ್ನ ಹಿಂದೆ ಡಬ್ಬಿಯಿಂದ ಸರಸರ ಕಾಗದ ಎಳೆಯುವ ಸದ್ದಾಯಿತು.

ಕೆಳಗೆ ಹಾಜರಿ ಕೋಣೆಯಲ್ಲಿ ಮುಂದಿನ ಪಾಳಿಯವರು, ಈ ಪಾಳಿಯ ಒಂದಿಬ್ಬರು, ಎಲ್ಲ ಎದ್ದು ನಿಂತಿದ್ದರು. ಮೆಟ್ಟಿಲು ಇಳಿದು ಬರುವವಳ ಪ್ಯಾಂಟಿನ ಮೇಲೆ ಎಲ್ಲರ ಕಣ್ಣು ಬಿತ್ತು, ಬಿದ್ದ ಕೂಡಲೇ ನೆಲಕ್ಕೆ ಇಳಿಯಿತು. ಲೆನ್ ತನ್ನ ಕೋಟು ಬಿಚ್ಚಿಕೊಂಡು ಎದುರಿಗೆ ಬಂದ.

“ಸೊಂಟಕ್ಕೆ ಕಟ್ಕೋ ವರ್ನೀ. ಎಲ್ರೂ ನೋಡ್ತಿದಾರೆ.”

“ಬೇಡ” ಅಂದಳು. “ನೋಡ್ಲಿ.”

ಲೆನ್ ಕೋಟು ಹಿಡಿದುಕೊಂಡು ಹಾಗೇ ನಿಂತ. ಬಾಟಲಿಯ ಮಾತನ್ನು ಅವಳು ಊರಿಗೆಲ್ಲ ಹೇಳಿದ್ದಳು, ಯಾರ ಬಾಟಲಿ ಅಂತ ಹೇಳಿರಲಿಲ್ಲ. ಅದಕ್ಕೆ ಅವನಿಗೆ ಏನನ್ನಿಸಿತೋ, ಬಾಯಿಗೆ ಬಂದದ್ದು ಮಾತ್ರ ಬೇರೆ.

“ಸಹಿ ಹಾಕ್ದೆಯಾ?”

“ಇಲ್ಲ.”

“ಹಾಗಾದ್ರೆ ನಮ್ಮ ಇನ್‌ಕ್ರಿಮೆಂಟು?”

ಕೋಣೆಯಲ್ಲಿ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ವರ್ನೀಸ್ ಮೆಟ್ಟಿಲಿನ ಕಡೆ ಕೈ ತೋರಿಸಿದಳು.

“ಹೋಗಿ ಕೇಳು. ಮೇಲಿದಾನೆ. ಕುರ್ಚಿ ಒರೆಸ್ತಿದಾನೆ.”